ಒಂದೇ ಪ್ರವಾಸ, ನಾಲ್ವರು ನಾಯಕರು: ‘ಬೆಸ್ಟ್ ಕ್ಯಾಪ್ಟನ್ ಯಾರು’ ಅನ್ನೋ ಜಗಳ ಯಾಕೆ ಬಗೆಹರಿಯುವುದಿಲ್ಲ?

2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ತಂಡ ಭಾರತಕ್ಕೆ ಬಂತು. ಕೋಲ್ಕತ್ತ ಟೆಸ್ಟ್‌ನಲ್ಲಿ ಶುಭಮನ್ ಗಿಲ್ ನಾಯಕ. ಅಲ್ಲಿ ಅವರಿಗೆ ಕುತ್ತಿಗೆ ನೋವು ಬಂದು ಹೊರಗುಳಿದರು. ಗುವಾಹಟಿ ಟೆಸ್ಟ್‌ಗೆ ರಿಷಭ್ ಪಂತ್ ನಾಯಕ. ಏಕದಿನ ಸರಣಿಗೆ ನಮ್ಮ ಕೆ.ಎಲ್. ರಾಹುಲ್. ಟಿ20 ಸರಣಿಗೆ ಸೂರ್ಯಕುಮಾರ್ ಯಾದವ್. ಎದುರಾಳಿ ಒಂದೇ, ಪ್ರವಾಸ ಒಂದೇ, ಭಾರತಕ್ಕೆ ನಾಯಕರು ನಾಲ್ವರು. ಎರಡೂ ಟೆಸ್ಟ್ ಸೋತೆವು, ಏಕದಿನ ಮತ್ತು ಟಿ20 ಸರಣಿ ಗೆದ್ದೆವು.

ಗೊಂದಲ ಶುರುವಾಗಿದ್ದು ಅದಕ್ಕೂ ಮುಂಚೆಯೇ. ಅಕ್ಟೋಬರ್ 4ರಂದು ಆಯ್ಕೆ ಸಮಿತಿಯು ಏಕದಿನ ತಂಡದ ನಾಯಕತ್ವವನ್ನು ರೋಹಿತ್ ಶರ್ಮಾರಿಂದ ತೆಗೆದು, ಆಗಲೇ ಟೆಸ್ಟ್ ನಾಯಕರಾಗಿದ್ದ ಗಿಲ್ ಕೈಗೆ ಕೊಟ್ಟಿತು. ಏಳೇ ತಿಂಗಳ ಹಿಂದೆ, ಮಾರ್ಚ್ 9ರಂದು, ಇದೇ ರೋಹಿತ್ ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿ ಗೆದ್ದುಕೊಟ್ಟಿದ್ದರು.

ಹಾಸನ, ಚಿಕ್ಕಮಗಳೂರು ಕಡೆ ಕಾಫಿ ಹಣ್ಣಾಗುವ ಹೊತ್ತಲ್ಲಿ ಬಂದ ಸುದ್ದಿ ಇದು. ಮೂಡಿಗೆರೆಯ ಟೀ ಅಂಗಡಿಯಲ್ಲೂ ಅದೇ ಮಾತು, ಹಾಸನದ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಲ್ಲೂ ಅದೇ ಮಾತು: ಗೆಲ್ಲಿಸಿದವನನ್ನೇ ತೆಗೆದರಲ್ಲ, ಇದ್ಯಾವ ನ್ಯಾಯ? ಅಲ್ಲಿಂದ ಮಾತು ಹಳೇ ಜಗಳಕ್ಕೆ ಹೊರಳುತ್ತದೆ. ಧೋನಿ ದೊಡ್ಡವರಾ, ಗಂಗೂಲಿಯಾ, ಕೊಹ್ಲಿಯಾ? ನಮ್ಮ ದ್ರಾವಿಡ್‌ಗೆ ಅನ್ಯಾಯ ಆಗಿಲ್ವಾ? ಜಗಳ ಮುಗಿಯದಿರಲು ಒಂದು ಕಾರಣವಿದೆ. ಒಬ್ಬೊಬ್ಬರು ಒಂದೊಂದು ಅಳತೆಗೋಲು ಹಿಡಿದು ಅಳೆಯುತ್ತಿದ್ದಾರೆ.

ನಮ್ಮೂರ ಕ್ಯಾಪ್ಟನ್, ದೇಶದ ಕ್ಯಾಪ್ಟನ್

ನಮ್ಮ ಕಡೆಯ ಟೆನ್ನಿಸ್ ಬಾಲ್ ಟೂರ್ನಿಯ ಕ್ಯಾಪ್ಟನ್‌ನ ಕೆಲಸ ನೋಡಿ. ಎಂಟ್ರಿ ಫೀಸ್ ಒಟ್ಟು ಮಾಡುವವನು ಅವನೇ. ಹನ್ನೊಂದು ಜನರನ್ನು ಆರಿಸುವವನು, ಯಾರ ಬೈಕಲ್ಲಿ ಯಾರು ಬರಬೇಕು ಎಂದು ಹೇಳುವವನು, ಕೊನೆಯ ಓವರ್ ಯಾರಿಗೆ ಎಂದು ತೀರ್ಮಾನಿಸುವವನು ಎಲ್ಲಾ ಅವನೇ. ಸೋತರೆ ಬೈಗುಳ ಅವನಿಗೆ, ಗೆದ್ದರೆ ಹೆಸರು ಅವನಿಗೆ. ಅದು ಸರಿಯೂ ಹೌದು.

ದೇಶದ ತಂಡದ ನಾಯಕನನ್ನೂ ನಾವು ಇದೇ ಕಣ್ಣಲ್ಲಿ ನೋಡುತ್ತೇವೆ. ಅಲ್ಲಿ ವ್ಯವಸ್ಥೆ ಬೇರೆ. ತಂಡವನ್ನೂ ನಾಯಕನನ್ನೂ ಆರಿಸುವುದು ಕ್ರಿಕೆಟ್ ಮಂಡಳಿಯ ಐದು ಜನರ ಆಯ್ಕೆ ಸಮಿತಿ. ಆ ತಂಡದೊಳಗಿಂದ ಹನ್ನೊಂದು ಜನರನ್ನು ಕೋಚ್ ಜೊತೆ ಕೂತು ಆರಿಸುವುದು ಮಾತ್ರ ನಾಯಕನ ಪಾಲಿನ ಕೆಲಸ. ಹಾಗಾಗಿ ನಾಯಕ ಹೋಗಬೇಕೋ ಇರಬೇಕೋ ಎಂಬುದು ಅವನ ಗೆಲುವಿನ ಮೇಲಷ್ಟೇ ನಿಂತಿಲ್ಲ. ಸಮಿತಿ ಮುಂದಿನ ಎರಡು ವರ್ಷಕ್ಕೆ ಏನು ಲೆಕ್ಕ ಹಾಕಿದೆ ಎಂಬುದೂ ಮುಖ್ಯ.

ಗೆದ್ದ ನಾಯಕನ ಕೈಯಿಂದ ತಂಡ ಜಾರುವುದು ಹೊಸದೂ ಅಲ್ಲ. 1983ರಲ್ಲಿ ವಿಶ್ವಕಪ್ ತಂದ ಕಪಿಲ್ ದೇವ್ ಮರುವರ್ಷವೇ ನಾಯಕತ್ವ ಕಳೆದುಕೊಂಡರು. ನಡುವೆ ವೆಸ್ಟ್ ಇಂಡೀಸ್ ನಮ್ಮ ನೆಲದಲ್ಲೇ ಟೆಸ್ಟ್ ಸರಣಿಯನ್ನು 3-0ಯಿಂದ ಗೆದ್ದಿತ್ತು. ಅದಕ್ಕೂ ಮುಂಚೆ, 1971ರಲ್ಲಿ, ಮನ್ಸೂರ್ ಅಲಿ ಖಾನ್ ಪಟೌಡಿ ಬದಲು ಅಜಿತ್ ವಾಡೇಕರ್ ಬಂದಿದ್ದು ಆಯ್ಕೆ ಸಮಿತಿ ಅಧ್ಯಕ್ಷ ವಿಜಯ್ ಮರ್ಚೆಂಟ್ ಅವರ ನಿರ್ಣಾಯಕ ಮತದಿಂದ. ಆಗಲೂ ದೇಶವೆಲ್ಲ ಇದೇ ಪ್ರಶ್ನೆ ಕೇಳಿತ್ತು.

ಈ ಸಲ ಎರಡು ಕಡೆಯ ವಾದ

ಆಯ್ಕೆ ಸಮಿತಿ ಅಧ್ಯಕ್ಷ ಅಜಿತ್ ಅಗರ್ಕರ್ ಕೊಟ್ಟ ಕಾರಣ ಸರಳ. ಮೂರು ಮಾದರಿಗೆ ಮೂವರು ನಾಯಕರನ್ನು ಇಟ್ಟುಕೊಂಡು ಹೋಗುವುದು ಆಗದ ಮಾತು. 2027ರ ವಿಶ್ವಕಪ್‌ಗೆ ಹೊಸ ನಾಯಕ ಬೇಕೆಂದರೆ ಈಗಲೇ ಅವನಿಗೆ ತಂಡ ಕೊಡಬೇಕು. ಆ ಟೂರ್ನಿಯ ಹೊತ್ತಿಗೆ ರೋಹಿತ್‌ಗೆ 40 ವರ್ಷ, ಗಿಲ್‌ಗೆ 28. ಈಗ ಏಕದಿನ ಪಂದ್ಯಗಳೇ ಕಡಿಮೆ. ಇರುವ ಕೆಲವೇ ಪಂದ್ಯಗಳಲ್ಲಿ ಹೊಸಬ ಕಲಿಯಬೇಕು.

ಎದುರು ವಾದವೂ ಗಟ್ಟಿಯಾಗಿದೆ. ಏಕದಿನದಲ್ಲಿ ರೋಹಿತ್ 56 ಪಂದ್ಯಗಳಿಗೆ ನಾಯಕರಾಗಿ 42 ಗೆದ್ದಿದ್ದಾರೆ. 2023ರ ವಿಶ್ವಕಪ್‌ನಲ್ಲಿ ಸತತ ಹತ್ತು ಪಂದ್ಯ ಗೆದ್ದು ಅಹಮದಾಬಾದ್ ಫೈನಲ್‌ನಲ್ಲಿ ಮಾತ್ರ ಸೋತರು. ನಾಯಕತ್ವ ಹೋದ ಮೇಲೆ ಆಸ್ಟ್ರೇಲಿಯಾ ಪ್ರವಾಸದ ಮೂರನೇ ಪಂದ್ಯದಲ್ಲಿ, ಸಿಡ್ನಿಯಲ್ಲಿ, ಔಟಾಗದೆ 121 ಹೊಡೆದರು. ಸರಣಿಶ್ರೇಷ್ಠ ಅವರೇ. ಸರಣಿಯನ್ನು ಮಾತ್ರ ಭಾರತ 1-2ರಿಂದ ಸೋತಿತು. ಬ್ಯಾಟು ಇಷ್ಟು ಚೆನ್ನಾಗಿ ಮಾತಾಡುವಾಗ ತಲೆಯನ್ನು ಯಾಕೆ ಬದಲಿಸಬೇಕು ಎಂದು ಜನ ಕೇಳಿದರೆ ತಪ್ಪೇನಿಲ್ಲ.

ನನಗೆ ಸಮಿತಿಯ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಅದನ್ನು ಒಪ್ಪಬೇಕಾದರೆ ನಾಯಕನನ್ನು ಅಳೆಯುವ ಕೋಲನ್ನೇ ಬದಲಿಸಬೇಕು.

ಅಂಕಿ ಹೇಳುವುದೆಷ್ಟು, ಮುಚ್ಚಿಡುವುದೆಷ್ಟು

ಟೆಸ್ಟ್‌ನಲ್ಲಿ ಭಾರತದ ನಾಯಕರ ಪಟ್ಟಿ ಹಾಕಿದರೆ ವಿರಾಟ್ ಕೊಹ್ಲಿ ಎಲ್ಲರಿಗಿಂತ ಮೇಲೆ: 68 ಪಂದ್ಯ, 40 ಗೆಲುವು. ಧೋನಿಯದು 60ರಲ್ಲಿ 27. ಗಂಗೂಲಿಯದು 49ರಲ್ಲಿ 21. ಅಜರುದ್ದೀನ್‌ರದು 47ರಲ್ಲಿ 14. ಪಟೌಡಿಯವರದು 40ರಲ್ಲಿ ಬರೀ 9, ಸೋಲು 19. ಗೆಲುವಿನ ಶೇಕಡಾವಾರು ಒಂದನ್ನೇ ಹಿಡಿದರೆ ಆರು ಟೆಸ್ಟ್‌ಗಳಲ್ಲಿ ನಾಲ್ಕು ಗೆದ್ದು ಒಂದೂ ಸೋಲದ ಅಜಿಂಕ್ಯ ರಹಾನೆ ಕೊಹ್ಲಿಗಿಂತ ಮುಂದೆ. ಆ ನಾಲ್ಕರಲ್ಲಿ 2021ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗಾಬಾ ಮೈದಾನದಲ್ಲಿ ಸಿಕ್ಕ ಗೆಲುವೂ ಒಂದು.

ಹಾಗಂತ ಪಟೌಡಿ ಕೆಟ್ಟ ನಾಯಕರಾ? 1962ರ ಮಾರ್ಚ್‌ನಲ್ಲಿ ಬಾರ್ಬಡೋಸ್‌ನಲ್ಲಿ ನಾಯಕ ನರಿ ಕಂಟ್ರಾಕ್ಟರ್ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿದು ಅವರ ಜೀವವೇ ಅಪಾಯಕ್ಕೆ ಸಿಕ್ಕಿತು. ಆಗ 21 ವರ್ಷದ ಪಟೌಡಿಗೆ ತಂಡ ವಹಿಸಿದರು. ಅದು ಹೊರದೇಶದಲ್ಲಿ ಒಂದೂ ಟೆಸ್ಟ್ ಗೆಲ್ಲದಿದ್ದ ತಂಡ. ಅದೇ ತಂಡ 1968ರಲ್ಲಿ ನ್ಯೂಜಿಲೆಂಡ್‌ನಲ್ಲಿ ಸರಣಿಯನ್ನೇ 3-1ರಿಂದ ಗೆದ್ದಿತು. ಸೊನ್ನೆಯಿಂದ ಮೂರಕ್ಕೆ ಏರುವುದಕ್ಕೂ ಮೂವತ್ತರಿಂದ ನಲವತ್ತಕ್ಕೆ ಏರುವುದಕ್ಕೂ ಬೇಕಾದ ಶ್ರಮ ಒಂದೇ ಅಲ್ಲ.

ಕಾಲವೂ ಬದಲಾಗಿದೆ. ಗಾವಸ್ಕರ್ ನಾಯಕತ್ವದ 47 ಟೆಸ್ಟ್‌ಗಳಲ್ಲಿ 30 ಡ್ರಾ. ಆಗ ಸೋಲದಿರುವುದೇ ದೊಡ್ಡ ಸಾಧನೆ, ಡ್ರಾ ಮಾಡಿಕೊಂಡು ಬಂದರೆ ಚಪ್ಪಾಳೆ. ಈಗ ರನ್ ವೇಗ ಹೆಚ್ಚಿದೆ, ಡ್ರಾ ಅಪರೂಪ. ಎರಡೂ ಕಾಲದ ಶೇಕಡಾವಾರನ್ನು ಪಕ್ಕಪಕ್ಕ ಇಡುವುದು ಮುಂಗಾರಿನ ಹೇಮಾವತಿಯನ್ನೂ ಬೇಸಿಗೆಯ ಹೇಮಾವತಿಯನ್ನೂ ಒಂದೇ ಕೋಲಲ್ಲಿ ಅಳೆದಂತೆ.

ಕಪ್ ಗೆದ್ದವರೇ ದೊಡ್ಡವರಾ?

ಧೋನಿ ಅಭಿಮಾನಿಗಳ ವಾದ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಗಟ್ಟಿ: 2007ರ ಟಿ20 ವಿಶ್ವಕಪ್, 2011ರ ವಿಶ್ವಕಪ್, 2013ರ ಚಾಂಪಿಯನ್ಸ್ ಟ್ರೋಫಿ. ಇದಕ್ಕೆ ಎದುರು ಮಾತಾಡುವುದು ಕಷ್ಟ. ಆದರೂ ಆ ಗೆಲುವುಗಳ ಹತ್ತಿರ ಹೋಗಿ ನೋಡಬೇಕು.

2007ರ ಫೈನಲ್‌ನ ಕೊನೆಯ ಓವರ್. ಪಾಕಿಸ್ತಾನಕ್ಕೆ 13 ರನ್ ಬೇಕು, ಕೈಯಲ್ಲಿ ಒಂದೇ ವಿಕೆಟ್. ಧೋನಿ ಚೆಂಡು ಕೊಟ್ಟಿದ್ದು ಜೋಗಿಂದರ್ ಶರ್ಮಾಗೆ. ಮೊದಲು ವೈಡ್, ಆಮೇಲೆ ಸಿಕ್ಸರ್. ಇನ್ನೊಂದು ದೊಡ್ಡ ಹೊಡೆತ ಬಿದ್ದರೆ ಪಂದ್ಯ ಮುಗಿಯಿತು. ಆಗ ಮಿಸ್ಬಾ ಉಲ್ ಹಕ್ ಹಿಂದಕ್ಕೆ ಸ್ಕೂಪ್ ಮಾಡಲು ಹೋದರು. ಚೆಂಡು ಮೇಲೆದ್ದು ಶಾರ್ಟ್ ಫೈನ್ ಲೆಗ್‌ನಲ್ಲಿದ್ದ ಶ್ರೀಶಾಂತ್ ಕೈಗೆ ಬಿತ್ತು. ಐದು ರನ್ ಗೆಲುವು. ಧೋನಿಯ ಧೈರ್ಯ ನಿಜ. ಮಿಸ್ಬಾ ಬೇರೆ ಹೊಡೆತ ಆರಿಸಿದ್ದರೆ ಅದೇ ಧೈರ್ಯಕ್ಕೆ ಇವತ್ತಿನವರೆಗೂ ಬೈಗುಳ ಬೀಳುತ್ತಿತ್ತು, ಅಲ್ವಾ?

2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲ್ ಕೂಡ ಹಾಗೇ. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಬೇಕಿತ್ತು. ಕೊನೆಯ ಓವರಿನಲ್ಲಿ ಡೇವಿಡ್ ಮಿಲ್ಲರ್ ಹೊಡೆದ ಚೆಂಡನ್ನು ಸೂರ್ಯಕುಮಾರ್ ಗೆರೆಯ ಪಕ್ಕದಲ್ಲಿ ಹಿಡಿದು, ಮೇಲೆ ಎಸೆದು, ಗೆರೆ ದಾಟಿ, ಮತ್ತೆ ಒಳಗೆ ಬಂದು ಹಿಡಿದರು. ಭಾರತ ಏಳು ರನ್‌ನಿಂದ ಗೆದ್ದಿತು. ಅಹಮದಾಬಾದ್‌ನಲ್ಲಿ ಸೋತ ರೋಹಿತ್, ಬಾರ್ಬಡೋಸ್‌ನಲ್ಲಿ ಗೆದ್ದ ರೋಹಿತ್ ಒಬ್ಬರೇ. ಏಳು ತಿಂಗಳಲ್ಲಿ ಅವರ ಬುದ್ಧಿ ಎಷ್ಟು ಬದಲಾಗಿರಬಹುದು?

ಟೆಸ್ಟ್‌ನಲ್ಲಿ ಇದೇ ಧೋನಿ ತಂಡ 2009ರ ಕೊನೆಗೆ ವಿಶ್ವದ ನಂಬರ್ 1 ಆಯಿತು. 2011ರಲ್ಲಿ ಇಂಗ್ಲೆಂಡ್‌ನಲ್ಲಿ 0-4, ಅದಾದ ಮೇಲೆ ಆಸ್ಟ್ರೇಲಿಯಾದಲ್ಲಿ 0-4 ಸೋತಿತು. ಕಪ್ ಲೆಕ್ಕದಲ್ಲಿ ಈ ಸೋಲುಗಳು ಕಾಣಿಸುವುದೇ ಇಲ್ಲ.

ಶ್ರೀನಾಥ್ ಕಾದ ಮೂರು ವರ್ಷ

ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೆಸರನ್ನು ಜಗತ್ತಿಗೆ ಕೇಳಿಸಿದ ಬೌಲರ್ ಶ್ರೀನಾಥ್. ನಾಯಕನ ಒಂದು ನಿರ್ಧಾರ ವರ್ಷಗಟ್ಟಲೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅವರ ಕಥೆ ಒಳ್ಳೆಯ ಉದಾಹರಣೆ.

1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಅವರು ಟೆಸ್ಟ್‌ಗೆ ಬಂದರು. ತವರಿನಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರ್‌ನಲ್ಲಿ, ಮುಂಬೈನಲ್ಲಿ. ಮೂರು ವರ್ಷ! ದೇಶದ ಅತಿ ವೇಗದ ಬೌಲರ್ ಮನೆಯಂಗಳದಲ್ಲಿ ಆಡದೆ ಕೂತರು. ಆಗ ನಾಯಕ ಅಜರುದ್ದೀನ್. ಸೂತ್ರ ಸರಳವಾಗಿತ್ತು: ತಿರುಗುವ ಪಿಚ್, ಮೂವರು ಸ್ಪಿನ್ನರ್‌ಗಳು. ಕುಂಬ್ಳೆ, ವೆಂಕಟಪತಿ ರಾಜು, ರಾಜೇಶ್ ಚೌಹಾಣ್. ಗೆಲುವು ಧಾರಾಳವಾಗಿ ಬಂತು. ಆ ಕ್ಷಣಕ್ಕೆ ಅದು ತಪ್ಪು ನಿರ್ಧಾರವೂ ಅಲ್ಲ.

ಆದರೆ ಪರಿಣಾಮ ನೋಡಿ. ತವರಿನಲ್ಲಿ ವೇಗಿಗೆ ಓವರ್ ಇಲ್ಲ. ಓವರ್ ಸಿಗದ ವೇಗಿ ಹೊರದೇಶಕ್ಕೆ ಹೋದಾಗ ಪಳಗಿರುವುದಿಲ್ಲ. ತಿರುಗುವ ಪಿಚ್ ಮೇಲೇ ಆಡಿದ ಬ್ಯಾಟರ್‌ಗಳಿಗೂ ಪುಟಿಯುವ ಚೆಂಡಿನ ಅಭ್ಯಾಸ ಇಲ್ಲ. ಹೀಗಾಗಿ ಅಜರ್ ಗೆದ್ದ 14 ಟೆಸ್ಟ್‌ಗಳಲ್ಲಿ ಹೊರಗೆ ಗೆದ್ದಿದ್ದು ಒಂದೇ, 1993ರಲ್ಲಿ ಶ್ರೀಲಂಕಾದಲ್ಲಿ. ತವರಿನ ಗೆಲುವೇ ಹೊರಗಿನ ಸೋಲಿಗೆ ದಾರಿ ಮಾಡಿಕೊಟ್ಟಿತು.

ಇದೇ ಸರಪಳಿಯನ್ನು ತಿರುಗಿಸಿದವರು ಕೊಹ್ಲಿ. ಹೊರಗೆ ಗೆಲ್ಲಬೇಕು ಅಂದರೆ 20 ವಿಕೆಟ್ ಬೇಕು, ಅದಕ್ಕೆ ವೇಗಿಗಳು ಬೇಕು ಎಂದು ಹಟ ಹಿಡಿದರು. 2018ರ ಜನವರಿಯಲ್ಲಿ ಕೇಪ್ ಟೌನ್‌ನಲ್ಲಿ ಜಸ್‌ಪ್ರೀತ್ ಬುಮ್ರಾಗೆ ಟೆಸ್ಟ್ ಕ್ಯಾಪ್ ಸಿಕ್ಕಿತು. ಅದೇ ವರ್ಷದ ಕೊನೆಗೆ ಶುರುವಾದ ಆಸ್ಟ್ರೇಲಿಯಾ ಸರಣಿಯಲ್ಲಿ ಬುಮ್ರಾ 21 ವಿಕೆಟ್ ಕಿತ್ತರು. ಆ ನೆಲದಲ್ಲಿ ಭಾರತ ಮೊದಲ ಸಲ ಟೆಸ್ಟ್ ಸರಣಿ ಗೆದ್ದಿತು. ಪೂರ್ತಿ ಶ್ರೇಯ ಕೊಹ್ಲಿಗೇ ಅಂತಲೂ ಹೇಳಲಾಗದು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, ದ್ರಾವಿಡ್ ಕೋಚ್ ಆಗಿದ್ದ ‘ಎ’ ತಂಡದ ಪ್ರವಾಸಗಳು, 2008ರಿಂದ ನಡೆಯುತ್ತಿರುವ ಐಪಿಎಲ್ ಇವೆಲ್ಲ ಅಷ್ಟೊತ್ತಿಗೆ ಹುಡುಗರನ್ನು ಸಿದ್ಧ ಮಾಡಿಟ್ಟಿದ್ದವು. ಅಜರ್‌ಗೆ ಇದ್ಯಾವುದೂ ಇರಲಿಲ್ಲ.

ನೆಟ್ಟವರು ಒಬ್ಬರು, ಕೊಯ್ದವರು ಇನ್ನೊಬ್ಬರು

ಕಾಫಿ ತೋಟ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅರೇಬಿಕಾ ಗಿಡ ನೆಟ್ಟು ಮೊದಲ ಫಸಲು ನೋಡಲು ಮೂರು-ನಾಲ್ಕು ವರ್ಷ ಬೇಕು. ನೆರಳಿಗೆ ಹಾಕಿದ ಸಿಲ್ವರ್ ಓಕ್ ಮೇಲೆ ಮೆಣಸಿನ ಬಳ್ಳಿ ತುಂಬಿಕೊಳ್ಳಲು ಇನ್ನೂ ಸಮಯ ಬೇಕು. ಈ ವರ್ಷ ಕಣದ ತುಂಬ ಕಾಫಿ ಹರಡಿದ್ದರೆ ಅದು ಈ ವರ್ಷದ ದುಡಿಮೆ ಮಾತ್ರ ಅಲ್ಲ.

ಭಾರತ ತಂಡದಲ್ಲಿ ಇದು ಎಷ್ಟು ಸಲ ನಡೆದಿದೆ ನೋಡಿ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಆಲೌಟ್. ಆ ದೇಶದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು ಅದು, ನಾಯಕ ವಾಡೇಕರ್. ಆದರೆ ಪೋಲಿಯೊದಿಂದ ಸೊರಗಿದ ಕೈಯಲ್ಲಿ ವೇಗವಾಗಿ ಗೂಗ್ಲಿ ಎಸೆಯುತ್ತಿದ್ದ ಚಂದ್ರಶೇಖರ್ 1964ರಲ್ಲಿ ಟೆಸ್ಟ್‌ಗೆ ಬಂದಿದ್ದು ಪಟೌಡಿ ಕೈಕೆಳಗೆ. ಬೇಡಿ, ವೆಂಕಟರಾಘವನ್, ಭದ್ರಾವತಿಯ ಜಿ.ಆರ್. ವಿಶ್ವನಾಥ್ ಬಂದಿದ್ದೂ ಪಟೌಡಿ ಕಾಲದಲ್ಲೇ.

2005ರ ಏಪ್ರಿಲ್. ವಿಶಾಖಪಟ್ಟಣದಲ್ಲಿ ಪಾಕಿಸ್ತಾನದ ವಿರುದ್ಧ ಪಂದ್ಯ. ಕೆಳಗಿನ ಕ್ರಮಾಂಕದಲ್ಲಿ ಆಡುತ್ತಿದ್ದ ಉದ್ದ ಕೂದಲಿನ ವಿಕೆಟ್ ಕೀಪರ್‌ನನ್ನು ಗಂಗೂಲಿ ಮೂರನೇ ಕ್ರಮಾಂಕಕ್ಕೆ ಕಳಿಸಿದರು. 148 ರನ್. ಆ ಹುಡುಗ ಧೋನಿ. 2013ರ ಜನವರಿಯಲ್ಲಿ ಅದೇ ಧೋನಿ, ಮಧ್ಯಮ ಕ್ರಮಾಂಕದಲ್ಲಿ ನಿಲ್ಲಲಾಗದೆ ಒದ್ದಾಡುತ್ತಿದ್ದ ಒಬ್ಬನನ್ನು ಮೊಹಾಲಿಯಲ್ಲಿ ಆರಂಭಿಕನಾಗಿ ಇಳಿಸಿದರು. 83 ರನ್. ಆ ಹುಡುಗ ರೋಹಿತ್. 2011ರ ವಿಶ್ವಕಪ್ ಗೆದ್ದ ಧೋನಿ ತಂಡದ ಸೆಹ್ವಾಗ್, ಯುವರಾಜ್, ಜಹೀರ್, ಹರ್ಭಜನ್ ಎಲ್ಲ ಗಂಗೂಲಿ ಕಾಲದಲ್ಲಿ ಬಲಿತವರು.

ಹಾಗಾಗಿ ನನ್ನ ಕೋಲು ಇದು: ನಾಯಕನಿಗೆ ಸಿಕ್ಕಿದ ತಂಡ ಎಂಥದ್ದು, ಅವನು ಬಿಟ್ಟುಹೋದ ತಂಡ ಎಂಥದ್ದು? ಈ ಲೆಕ್ಕದಲ್ಲಿ ನನ್ನ ಮಟ್ಟಿಗೆ ಗಂಗೂಲಿ ಮೊದಲು, ಪಟೌಡಿ ಅವರ ಬೆನ್ನಿಗೆ. 2000ನೇ ಇಸವಿಯಲ್ಲಿ ಗಂಗೂಲಿ ಕೈಗೆ ಬಂದಿದ್ದು ಮ್ಯಾಚ್ ಫಿಕ್ಸಿಂಗ್ ಕಳಂಕ ಹೊತ್ತ ತಂಡ. ಜನ ಟಿವಿ ಆರಿಸಿ ಎದ್ದು ಹೋಗುತ್ತಿದ್ದ ದಿನಗಳು. ಸಚಿನ್, ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಆಗಲೇ ಇದ್ದರಲ್ಲ ಎಂದು ಯಾರಾದರೂ ಕೇಳಬಹುದು. ಇದ್ದರು. ಆದರೂ ಆ ತಂಡ ಹೊರಗೆ ಗೆಲ್ಲುತ್ತಿರಲಿಲ್ಲ. ಗಂಗೂಲಿ ನಾಯಕತ್ವದಲ್ಲಿ ಹೊರದೇಶದಲ್ಲಿ 11 ಟೆಸ್ಟ್ ಗೆದ್ದಿತು. 2003ರ ವಿಶ್ವಕಪ್ ಫೈನಲ್‌ನಲ್ಲಿ ಟಾಸ್ ಗೆದ್ದು ಆಸ್ಟ್ರೇಲಿಯಾಕ್ಕೆ ಬ್ಯಾಟಿಂಗ್ ಕೊಟ್ಟಿದ್ದು ಅವರ ದೊಡ್ಡ ತಪ್ಪು ಅನ್ನುತ್ತಾರೆ. ಆಸ್ಟ್ರೇಲಿಯಾ 359 ಹೊಡೆಯಿತು, ನಮ್ಮ ಶ್ರೀನಾಥ್ ಹತ್ತು ಓವರ್‌ಗೆ 87 ರನ್ ಕೊಟ್ಟರು. ಆ ತಪ್ಪನ್ನು ಒಪ್ಪುತ್ತೇನೆ. ಒಂದು ದಿನದ ತಪ್ಪು ಐದು ವರ್ಷದ ಕೆಲಸವನ್ನು ಅಳಿಸುವುದಿಲ್ಲ.

ಮೈದಾನದ ಬುದ್ಧಿಗೆ ಬೆಲೆ ಇಲ್ವಾ?

ಖಂಡಿತ ಇದೆ. 1971ರ ಫೆಬ್ರುವರಿ, ಕಿಂಗ್‌ಸ್ಟನ್. ಮೊದಲ ದಿನ ಪೂರ್ತಿ ಮಳೆ. ಭಾರತ 387, ವೆಸ್ಟ್ ಇಂಡೀಸ್ 217. ಮುನ್ನಡೆ 170. ಐದು ದಿನದ ಟೆಸ್ಟ್‌ನಲ್ಲಿ ಫಾಲೋ ಆನ್ ಹೇರಲು 200 ರನ್ ಮುನ್ನಡೆ ಬೇಕು. ಮೊದಲ ದಿನವೇ ಆಟ ಕೊಚ್ಚಿಹೋದರೆ ಪಂದ್ಯವನ್ನು ನಾಲ್ಕು ದಿನದ್ದು ಎಂದು ಎಣಿಸುತ್ತಾರೆ, ಆಗ 150 ಸಾಕು. ವಾಡೇಕರ್‌ಗೆ ಇದು ಗೊತ್ತಿತ್ತು. ನೇರ ಎದುರಾಳಿ ಕೋಣೆಗೆ ಹೋಗಿ ನಾಯಕ ಗ್ಯಾರಿ ಸೋಬರ್ಸ್‌ಗೆ ‘ನೀವೇ ಮತ್ತೆ ಬ್ಯಾಟ್ ಮಾಡಬೇಕು’ ಎಂದು ಹೇಳಿದರು. ಆ ಪಂದ್ಯ ಡ್ರಾ ಆಯಿತು. ಆದರೆ ವೆಸ್ಟ್ ಇಂಡೀಸನ್ನು ಕಂಡರೆ ಹೆದರುತ್ತಿದ್ದ ತಂಡದ ಬೆನ್ನು ನೆಟ್ಟಗಾಯಿತು. ಮುಂದಿನ ಟೆಸ್ಟನ್ನೇ, ಪೋರ್ಟ್ ಆಫ್ ಸ್ಪೇನ್‌ನಲ್ಲಿ, ಗೆದ್ದಿತು.

ಇನ್ನು ಯಾವ ಕೋಲಿಗೂ ಸಿಗದ ನಾಯಕರೂ ಇದ್ದಾರೆ. 1980ರ ಮುಂಬೈ ಜ್ಯೂಬಿಲಿ ಟೆಸ್ಟ್. ಇಂಗ್ಲೆಂಡಿನ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಸ್ಲಿಪ್‌ನಲ್ಲಿದ್ದ ನಾಯಕ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿತು. ಟೇಲರ್‌ರನ್ನು ವಾಪಸ್ ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ನಿಂದ ಸೋತಿತು. ವಿಶ್ವನಾಥ್ ನಾಯಕರಾಗಿದ್ದು ಬರೀ ಎರಡು ಟೆಸ್ಟ್‌ಗೆ. ಅಂಕಿಗಳಲ್ಲಿ ಅವರ ಸಾಲು ಖಾಲಿ.

ದ್ರಾವಿಡ್‌ಗೆ ಅನ್ಯಾಯ ಆಗಿದೆಯಾ?

ಆಗಿದೆ ಎಂದೇ ನನ್ನ ಅನಿಸಿಕೆ, ಊರಿನ ಅಭಿಮಾನ ಪಕ್ಕಕ್ಕಿಟ್ಟೇ ಹೇಳುತ್ತೇನೆ. 2006ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಟೆಸ್ಟ್ ಸರಣಿ ಗೆದ್ದರು, 1971ರ ನಂತರ ಅಲ್ಲಿ ಅದೇ ಮೊದಲು. 2007ರಲ್ಲಿ ಇಂಗ್ಲೆಂಡ್‌ನಲ್ಲಿ ಗೆದ್ದರು, 1986ರ ನಂತರ ಅದೇ ಮೊದಲು. ಆದರೆ ಜನರ ನೆನಪಲ್ಲಿ ಉಳಿದಿದ್ದು 2007ರ ಮಾರ್ಚ್‌ನಲ್ಲಿ ಬಾಂಗ್ಲಾದೇಶಕ್ಕೆ ಸೋತು ವಿಶ್ವಕಪ್‌ನಿಂದ ಬೇಗ ಹೊರಬಿದ್ದಿದ್ದು. ಟೆಸ್ಟ್ ಗೆಲುವನ್ನು ನೋಡಿದವರು ಕಡಿಮೆ, ವಿಶ್ವಕಪ್ ಸೋಲನ್ನು ನೋಡಿದವರು ಜಾಸ್ತಿ. ಹೆಸರು ಕೆಡುವುದೂ ಉಳಿಯುವುದೂ ಹೀಗೆ.

ಅವರ ನಂತರ ಬಂದ ಕುಂಬ್ಳೆ ನಾಯಕರಾಗಿದ್ದು 14 ಟೆಸ್ಟ್‌ಗೆ, ಗೆದ್ದಿದ್ದು ಮೂರು. ಅದರಲ್ಲಿ ಒಂದು 2008ರ ಪರ್ತ್. ಸಿಡ್ನಿ ಟೆಸ್ಟ್‌ನಲ್ಲಿ ಅಂಪೈರಿಂಗ್ ಮತ್ತು ನಿಂದನೆ ಆರೋಪದ ಗಲಾಟೆ ಆಗಿ ಪ್ರವಾಸವೇ ನಿಲ್ಲುವ ಹಾಗಿದ್ದಾಗ ತಂಡವನ್ನು ಒಟ್ಟಿಗೆ ಹಿಡಿದು, ಸತತ 16 ಟೆಸ್ಟ್ ಗೆದ್ದಿದ್ದ ಆಸ್ಟ್ರೇಲಿಯಾವನ್ನು ಸೋಲಿಸಿದರು.

ಕಡೂರಿನ ಹುಡುಗಿ ಇದ್ದ ತಂಡ

ಬೆಸ್ಟ್ ಕ್ಯಾಪ್ಟನ್ ಜಗಳದಲ್ಲಿ ಮಹಿಳಾ ತಂಡದ ಹೆಸರೇ ಬರುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯವರಾದರೂ ಅದನ್ನು ಎತ್ತಬೇಕು. 2017ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್. ನಾಯಕಿ ಮಿಥಾಲಿ ರಾಜ್. ಗೆಲುವಿಗೆ 229 ಬೇಕು, ಮೂರು ವಿಕೆಟ್‌ಗೆ 191 ಆಗಿತ್ತು. ಕಡೂರಿನ ವೇದಾ ಕೃಷ್ಣಮೂರ್ತಿ 35 ಹೊಡೆದರು. ಆಮೇಲೆ 28 ರನ್ ಸೇರಿಸುವಷ್ಟರಲ್ಲಿ ಏಳು ವಿಕೆಟ್ ಬಿದ್ದು, ಒಂಬತ್ತು ರನ್‌ನಿಂದ ಸೋತರು.

ಆದರೆ ಆ ಸೋಲನ್ನು ದೇಶ ಟಿವಿ ಮುಂದೆ ಕೂತು ನೋಡಿತ್ತು. ಹೆಣ್ಣುಮಕ್ಕಳ ಕ್ರಿಕೆಟ್‌ಗೆ ದುಡ್ಡು, ಪಂದ್ಯ, ಪ್ರಸಾರ ಹೆಚ್ಚಿದ್ದು ಅದಾದ ಮೇಲೆ. 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್‌ನಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಗೆದ್ದ ಮೇಲೆ ಆಟಗಾರ್ತಿಯರು ಕಪ್ಪನ್ನು ಮೈದಾನದಲ್ಲಿದ್ದ ಹಿಂದಿನ ಆಟಗಾರ್ತಿಯರಾದ ಮಿಥಾಲಿ, ಝೂಲನ್ ಗೋಸ್ವಾಮಿ ಕೈಗೆ ಕೊಟ್ಟರು. ಕಪ್ ಹಿಡಿದು ಝೂಲನ್ ಅತ್ತರು. ಮಿಥಾಲಿ ಕಪ್ ಗೆಲ್ಲದ ನಾಯಕಿ ಎಂದು ಹೇಳುವವರು ಆ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು.

ಗಿಲ್ ಮುಂದೆ ಏನಿದೆ?

2025ರ ಬೇಸಿಗೆಯಲ್ಲಿ ಇಂಗ್ಲೆಂಡ್‌ನಲ್ಲಿ ಗಿಲ್ 754 ರನ್ ಹೊಡೆದು ಸರಣಿಯನ್ನು 2-2ಕ್ಕೆ ತಂದರು. ಕೆಲವೇ ತಿಂಗಳಲ್ಲಿ ತವರಿನ ಸೋಲೂ ಬಂತು. ಕೋಲ್ಕತ್ತದಲ್ಲಿ 124 ರನ್ ಬೆನ್ನಟ್ಟಿ 93ಕ್ಕೆ ಆಲೌಟ್ ಆದೆವು. ಹಿಂದಿನ ವರ್ಷ ನ್ಯೂಜಿಲೆಂಡ್ ನಮ್ಮ ನೆಲದಲ್ಲೇ 3-0 ಗೆದ್ದಾಗ ನಾಯಕ ರೋಹಿತ್ ಆಗಿದ್ದರು. ಎರಡು ಸಲವೂ ಸ್ಪಿನ್ ಎದುರು ನಮ್ಮ ಬ್ಯಾಟಿಂಗ್ ಕುಸಿಯಿತು. ನಾಯಕ ಬದಲಾದರೂ ರೋಗ ಬದಲಾಗಿಲ್ಲ.

ಇನ್ನೊಂದು ಪರಿಣಾಮವೂ ಆಗಬಹುದು. ನಾಯಕ ಚಿಕ್ಕವನಾದರೆ ಕೋಚ್ ಮಾತಿನ ತೂಕ ಹೆಚ್ಚುತ್ತದೆ. ಗೌತಮ್ ಗಂಭೀರ್ 2024ರ ಜುಲೈನಿಂದ ಕೋಚ್. ಹನ್ನೊಂದು ಜನರ ಆಯ್ಕೆಯಲ್ಲಿ ಯಾರ ಮಾತು ನಡೆಯಿತು ಎಂಬುದು ಹೊರಗೆ ಗೊತ್ತಾಗುವುದಿಲ್ಲ, ಸೋಲಿನ ಹೊಣೆ ಮಾತ್ರ ನಾಯಕನ ತಲೆಗೆ ಬರುತ್ತದೆ. ಜೊತೆಗೆ ಎರಡು ಮಾದರಿಯ ಭಾರ ಹೊತ್ತ ಮೈಗೆ ಗಾಯವಾದರೆ ಆ ಜಾಗಕ್ಕೆ ಪಂತ್, ರಾಹುಲ್ ಹೀಗೆ ಯಾರಾದರೂ ಬರಬೇಕಾಗುತ್ತದೆ. ನಾಲ್ವರು ನಾಯಕರ ಗೊಂದಲ ಮತ್ತೆ ಬರಬಹುದು.

2027ರ ಅಕ್ಟೋಬರ್-ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾದಲ್ಲಿ ವಿಶ್ವಕಪ್. ಅಲ್ಲಿಯವರೆಗೆ ಗಿಲ್ ಎಷ್ಟು ಗೆದ್ದರು ಎಂಬುದರ ಜೊತೆ ಇನ್ನೆರಡು ವಿಷಯ ನೋಡಿ. ಬುಮ್ರಾ ಇಲ್ಲದ ದಿನ ಹೊಸ ಚೆಂಡನ್ನು ಯಾರ ಕೈಗೆ ಕೊಡುತ್ತಾರೆ? ಆ ಹುಡುಗ ಮೊದಲ ಸ್ಪೆಲ್‌ನಲ್ಲಿ ಹೊಡೆಸಿಕೊಂಡರೆ, ಮರುಪಂದ್ಯದಲ್ಲೂ ಅವನಿಗೇ ಕೊಡುತ್ತಾರಾ?